ಟಾಡಾದಿಂದ ಯುಎಪಿಎವರೆಗೆ: ಭಯೋತ್ಪಾದನೆ ನಿಗ್ರಹ ಕಾನೂನು ಮತ್ತು ನಾಗರಿಕ ಸ್ವಾತಂತ್ರ್ಯ

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವರನಟ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದಾಗ, ಕರ್ನಾಟಕದ ಜನತೆಗೆ ಅಪರಿಚಿತವಾಗಿದ್ದ ಒಂದು ಪದ ದಿನಬೆಳಗಾಗುವುದರೊಳಗೆ ಮನೆಮಾತಾಯಿತು. ಅದು 'ಟಾಡಾ ಬಂದಿಗಳು'. ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಮೈಸೂರು ಕಾರಾಗೃಹದಲ್ಲಿದ್ದ ಟಾಡಾ ಆರೋಪಿಗಳ ಬಿಡುಗಡೆಯೂ ಒಂದಾಗಿತ್ತು. ಭಯೋತ್ಪಾದನೆಯನ್ನು ಹತ್ತಿಕ್ಕಲು ಪ್ರಜಾಪ್ರಭುತ್ವ ಸರ್ಕಾರವೊಂದು ಎಷ್ಟು ದೂರ ಹೋಗಬಹುದು ಎಂಬ ಪ್ರಶ್ನೆ ಅಲ್ಲಿಯವರೆಗೆ ಪಂಜಾಬ್, ಕಾಶ್ಮೀರ, ಮುಂಬಯಿಗಳದ್ದಾಗಿತ್ತು. ಆ ನಂತರ ಅದು ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನದೂ ಆಯಿತು.

ಮೀಸಾ ಮತ್ತು ಬೆಂಗಳೂರು ಕಾರಾಗೃಹ

ವಿಚಾರಣೆಯಿಲ್ಲದೆ ವ್ಯಕ್ತಿಯೊಬ್ಬನನ್ನು ಬಂಧನದಲ್ಲಿಡುವ ಅಧಿಕಾರಕ್ಕೆ ಭಾರತದ ಸಂವಿಧಾನದಲ್ಲಿಯೇ ಅವಕಾಶವಿದೆ. ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಯೇ ಬರುವ 22ನೇ ವಿಧಿ ಮುನ್ನೆಚ್ಚರಿಕೆ ಬಂಧನವನ್ನು ಒಪ್ಪುತ್ತದೆ. 1950ರಲ್ಲಿ ಗಣರಾಜ್ಯ ಅಸ್ತಿತ್ವಕ್ಕೆ ಬಂದ ವರ್ಷವೇ ಮುನ್ನೆಚ್ಚರಿಕೆ ಬಂಧನ ಕಾಯ್ದೆಯೂ ಬಂದಿತು. 1971ರಲ್ಲಿ ಜಾರಿಗೆ ಬಂದ ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ, ಅಂದರೆ 'ಮೀಸಾ', ತುರ್ತು ಪರಿಸ್ಥಿತಿಯ ಕಾಲದಲ್ಲಿ ಪ್ರತಿಪಕ್ಷಗಳ ವಿರುದ್ಧದ ಅಸ್ತ್ರವಾಯಿತು.

ಆ ಇತಿಹಾಸದಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ಸಂಸದೀಯ ಸಮಿತಿಯ ಸಭೆಗೆಂದು ನಗರಕ್ಕೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು 1975ರ ಜೂನ್ 26ರಂದು ಇಲ್ಲಿಯೇ ಬಂಧಿಸಲಾಯಿತು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಬಂಧಿಸಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಮೀಸಾ ಅಡಿ ಇರಿಸಲಾಗಿತ್ತು. ಅಸ್ತಮಾದಿಂದ ಬಳಲುತ್ತಿದ್ದ ಅವರು ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾದರು. ಅವರ ವಿರುದ್ಧ ಯಾವ ಆರೋಪವೂ ನ್ಯಾಯಾಲಯದಲ್ಲಿ ಸಾಬೀತಾಗಿರಲಿಲ್ಲ.

ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಆಲಿಸಬಹುದೆಂದು ಕರ್ನಾಟಕ ಸೇರಿದಂತೆ ಹಲವು ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4-1ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 'ಎಡಿಎಂ ಜಬಲ್‌ಪುರ' ಎಂದೇ ಹೆಸರಾದ ಈ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ರದ್ದುಪಡಿಸಲು 41 ವರ್ಷಗಳು ಬೇಕಾದವು. 2017ರ ಆಗಸ್ಟ್ 24ರ ಖಾಸಗಿತನದ ಹಕ್ಕಿನ ತೀರ್ಪಿನಲ್ಲಿ ಆ ಕೆಲಸ ನಡೆಯಿತು. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಎರಡು ವರ್ಷಕ್ಕೆಂದು ಬಂದು ಹತ್ತು ವರ್ಷ ಉಳಿದ ಕಾಯ್ದೆ

1985ರ ಮೇ ತಿಂಗಳಲ್ಲಿ ದೆಹಲಿ ಮತ್ತು ಸುತ್ತಮುತ್ತ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಅಡಗಿಸಿಟ್ಟ ಬಾಂಬುಗಳು ಸರಣಿಯಾಗಿ ಸ್ಫೋಟಿಸಿದವು. ಅದೇ ತಿಂಗಳು ಸಂಸತ್ತು ಭಯೋತ್ಪಾದನೆ ಮತ್ತು ವಿಧ್ವಂಸಕ ಚಟುವಟಿಕೆಗಳ ತಡೆ ಕಾಯ್ದೆಗೆ ಒಪ್ಪಿಗೆ ನೀಡಿತು. ಇದರ ಆಯುಷ್ಯ ಕೇವಲ ಎರಡು ವರ್ಷ ಎಂದು ಆಗ ಹೇಳಲಾಗಿತ್ತು. 1987ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ ಮತ್ತೆ ತರಲಾಯಿತು. ನಂತರ ಅವಧಿ ವಿಸ್ತರಣೆಯಾಗುತ್ತಲೇ ಹೋಯಿತು.

ಟಾಡಾದ ಕಠೋರತೆ ಇದ್ದದ್ದು ಶಿಕ್ಷೆಯ ಪ್ರಮಾಣಕ್ಕಿಂತ ಹೆಚ್ಚಾಗಿ ವಿಚಾರಣೆಯ ಕ್ರಮದಲ್ಲಿ. ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಪರಿಗಣಿಸಬಾರದೆಂಬುದು ಬ್ರಿಟಿಷರ ಕಾಲದಿಂದ ಬಂದ ನಿಯಮ. ನಮ್ಮ ಠಾಣೆಗಳ ಬಗ್ಗೆ ಬ್ರಿಟಿಷರಿಗೂ ಅನುಮಾನವಿತ್ತು ಎನ್ನಬೇಕು. ಟಾಡಾದ 15ನೇ ಕಲಂ ಈ ನಿಯಮವನ್ನು ಬದಿಗಿರಿಸಿ, ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ದಾಖಲಿಸಿಕೊಂಡ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಲ್ಲುತ್ತದೆ ಎಂದಿತು. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಜಾಮೀನು. ಆರೋಪಪಟ್ಟಿ ಇಲ್ಲದೆಯೇ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶವಿತ್ತು. 1993ರ ತಿದ್ದುಪಡಿ ಇದನ್ನು 180 ದಿನಗಳಿಗೆ ಇಳಿಸಿತು.

ಭಯೋತ್ಪಾದನೆಯ ಹಾವಳಿ ಅಷ್ಟಾಗಿ ಇಲ್ಲದಿದ್ದ ಗುಜರಾತ್‌ನಲ್ಲಿ ಸಾವಿರಾರು ಮಂದಿ ಟಾಡಾ ಅಡಿ ಬಂಧಿತರಾದದ್ದು ದೇಶದ ಗಮನ ಸೆಳೆಯಿತು. 1994ರ ಮಾರ್ಚ್ 11ರಂದು ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿಯಿತಾದರೂ, ತಪ್ಪೊಪ್ಪಿಗೆ ದಾಖಲಿಸಿಕೊಳ್ಳುವ ಬಗೆಗೆ ಮಾರ್ಗಸೂಚಿಗಳನ್ನು ನೀಡಿತು. 1995ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ, ನ್ಯಾಯಮೂರ್ತಿ ರಂಗನಾಥ ಮಿಶ್ರಾ, ಕಾಯ್ದೆಯನ್ನು ನವೀಕರಿಸಬೇಡಿ ಎಂದು ಸಂಸದರಿಗೆ ಪತ್ರ ಬರೆದರು. ಮೇ 23ರಂದು ಟಾಡಾ ಕೊನೆಯುಸಿರೆಳೆಯಿತು. ಹತ್ತು ವರ್ಷಗಳಲ್ಲಿ ಅದರಡಿ ಬಂಧಿತರಾದವರ ಸಂಖ್ಯೆ 76 ಸಾವಿರ ದಾಟಿತ್ತು. ಶಿಕ್ಷೆಯಾದವರ ಪ್ರಮಾಣ ಶೇ 2ಕ್ಕಿಂತ ಕಡಿಮೆ. ಆದರೆ ಕಾಯ್ದೆ ಹೋದರೂ ಪ್ರಕರಣಗಳು ಹೋಗಲಿಲ್ಲ. ಅದು ಜಾರಿಯಲ್ಲಿದ್ದಾಗ ನಡೆದ ಕೃತ್ಯಗಳ ವಿಚಾರಣೆ ಟಾಡಾ ಅಡಿಯಲ್ಲಿಯೇ ಮುಂದುವರಿಯಿತು.

ಮೈಸೂರಿನ ಟಾಡಾ ಪ್ರಕರಣಗಳು

ಮೈಸೂರಿನ ಪ್ರಕರಣಗಳು ಅಂಥವೇ. ಇವುಗಳ ಹಿಂದೆ ನಡೆದ ರಕ್ತಪಾತ ಸಣ್ಣದಲ್ಲ. 1992ರ ಆಗಸ್ಟ್ 14ರಂದು ಎಸ್‌ಪಿ ಟಿ. ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರು ಸಿಬ್ಬಂದಿಯೊಂದಿಗೆ ವೀರಪ್ಪನ್ ತಂಡದ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು ಪೊಲೀಸರೂ ಸೇರಿದಂತೆ 22 ಮಂದಿ ಸತ್ತರು. ಇದಾದ ಮೇಲೆ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಕಾಡಂಚಿನ ಹಳ್ಳಿಗಳಲ್ಲಿ ವ್ಯಾಪಕ ಬಂಧನಗಳನ್ನು ನಡೆಸಿದವು. ಬಂಧಿತರಲ್ಲಿ ಹೆಚ್ಚಿನವರು ಬಡ ರೈತರು, ಕೂಲಿಕಾರರು. ಅವರಲ್ಲಿ ಮಹಿಳೆಯರೂ ಇದ್ದರು. ಟಾಡಾ ಕೊನೆಗೊಂಡಾಗಲೂ ವೀರಪ್ಪನ್ ಮಾತ್ರ ಕಾಡಿನಲ್ಲಿಯೇ ಇದ್ದ.

ರಾಜ್‌ಕುಮಾರ್ ಅಪಹರಣವಾದಾಗ ಈ ಆರೋಪಿಗಳಲ್ಲಿ ಹಲವರು ಏಳು ವರ್ಷಗಳಿಂದ ಸೆರೆಯಲ್ಲಿದ್ದರು. ವಿಚಾರಣೆ ಮುಗಿದಿರಲಿಲ್ಲ. ಎಸ್.ಎಂ. ಕೃಷ್ಣ ನೇತೃತ್ವದ ಸರ್ಕಾರದ ತೀರ್ಮಾನದಂತೆ, ವಿಶೇಷ ಸರ್ಕಾರಿ ವಕೀಲರು ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಂ ಅಡಿ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅರ್ಜಿ ಸಲ್ಲಿಸಿದರು. ಟಾಡಾ ಕೈಬಿಟ್ಟರೆ ಉಳಿದ ಆರೋಪಗಳಲ್ಲಿ ಜಾಮೀನು ಸಿಗುತ್ತದೆ ಎಂಬುದು ಲೆಕ್ಕಾಚಾರ. ಮೈಸೂರಿನ ವಿಶೇಷ ನ್ಯಾಯಾಲಯ ಸಮ್ಮತಿಸಿತು. ಬಿಡುಗಡೆ ಇನ್ನೇನು ಆಗಬೇಕು ಎನ್ನುವಷ್ಟರಲ್ಲಿ ಹುತಾತ್ಮ ಶಕೀಲ್ ಅಹ್ಮದ್ ಅವರ ತಂದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಮಗನನ್ನು ಕೊಂದ ತಂಡದ ಸಹಚರರೆನ್ನಲಾದವರನ್ನು, ಅದೇ ತಂಡದ ಬೆದರಿಕೆಗೆ ಮಣಿದು ಬಿಡುವುದು ಯಾವ ನ್ಯಾಯ ಎಂಬುದು ಅವರ ಅರ್ಜಿಯ ಸಾರ.

ನ್ಯಾಯಮೂರ್ತಿ ಎಸ್.ಪಿ. ಭರೂಚಾ ನೇತೃತ್ವದ ಪೀಠ ಬಿಡುಗಡೆಗೆ ತಡೆ ನೀಡಿ, 2000ದ ನವೆಂಬರ್ 7ರಂದು ಅಂತಿಮ ತೀರ್ಪಿತ್ತಿತು. ಪ್ರಕರಣ ಹಿಂತೆಗೆತ ಸರ್ಕಾರಿ ವಕೀಲರ ಸ್ವತಂತ್ರ ವಿವೇಚನೆಯಿಂದ ಆಗಬೇಕು. ಸಾರ್ವಜನಿಕ ಹಿತವನ್ನು ಎಲ್ಲ ದಾಖಲೆಗಳೊಡನೆ ತೂಗಿ ನೋಡಬೇಕು. ಸಮ್ಮತಿ ನೀಡುವ ನ್ಯಾಯಾಲಯವೂ ಹಾಗೆಯೇ ಪರಿಶೀಲಿಸಬೇಕು. ಇಲ್ಲಿ ಅದಾಗಿಲ್ಲ ಎಂದು ಹೇಳಿ ಮೈಸೂರು ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿತು. ಎಂಟು ದಿನಗಳ ನಂತರ, ನವೆಂಬರ್ 15ರಂದು, 108 ದಿನಗಳ ವನವಾಸ ಮುಗಿಸಿ ರಾಜ್‌ಕುಮಾರ್ ಬಿಡುಗಡೆಯಾದರು.

ಆ ತೀರ್ಪು ಕಾನೂನಿನ ಆಡಳಿತವನ್ನು ಉಳಿಸಿತು ಎಂದು ಪತ್ರಿಕೆಗಳು ಬರೆದವು. ಅದು ಸರಿಯಾದ ಮಾತೇ. ಆದರೆ ಈ ಕಥೆಗೆ ಇನ್ನೊಂದು ಅಧ್ಯಾಯವಿದ್ದು, ಅದು ಹೆಚ್ಚಿನವರ ನೆನಪಿನಲ್ಲಿ ಉಳಿದಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಮೈಸೂರು ಟಾಡಾ ನ್ಯಾಯಾಲಯ ತೀರ್ಪು ನೀಡಿದಾಗ ಆರೋಪಿಗಳ ಪೈಕಿ ಬಹುಪಾಲು ಮಂದಿ ಖುಲಾಸೆಯಾದರು. ಅಂದರೆ ಯಾರ ಬಿಡುಗಡೆಯನ್ನು ಭಯೋತ್ಪಾದನೆಗೆ ಶರಣಾಗತಿ ಎಂದು ಬಣ್ಣಿಸಲಾಗಿತ್ತೋ, ಅವರಲ್ಲಿ ಅನೇಕರ ಮೇಲಿನ ಆರೋಪ ಸಾಬೀತೇ ಆಗಲಿಲ್ಲ. ಕಳೆದುಹೋದ ವರ್ಷಗಳನ್ನು ಯಾರೂ ಹಿಂದಿರುಗಿಸಲಿಲ್ಲ. ಇತ್ತ ಜೀವಾವಧಿ ಶಿಕ್ಷೆಗೊಳಗಾದ ನಾಲ್ವರು ಮೇಲ್ಮನವಿ ಸಲ್ಲಿಸಿದಾಗ, ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ತಾನಾಗಿಯೇ ಅದನ್ನು ಮರಣದಂಡನೆಗೆ ಏರಿಸಿತು. ಅವರ ಕ್ಷಮಾದಾನ ಅರ್ಜಿ 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ನ್ಯಾಯಾಲಯ, ಕ್ಷಮಾದಾನ ನಿರ್ಧಾರದ ವಿಳಂಬವನ್ನು ಕಾರಣವಾಗಿಸಿ, ಗಲ್ಲುಶಿಕ್ಷೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು.

ಕಾರ್ಯಪಡೆಗಳ ವಿರುದ್ಧ ಕೇಳಿಬಂದ ದೌರ್ಜನ್ಯದ ದೂರುಗಳ ಬಗ್ಗೆ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ಮಲೆ ಮಹದೇಶ್ವರ ಬೆಟ್ಟದಲ್ಲಿ 'ವರ್ಕ್‌ಶಾಪ್' ಎಂದು ಹಳ್ಳಿಗರು ಕರೆಯುತ್ತಿದ್ದ ವಿಚಾರಣಾ ಸ್ಥಳದ ಬಗ್ಗೆ ಸಮಿತಿಯ ಮುಂದೆ ಜನ ಹೇಳಿಕೆ ನೀಡಿದರು. 2007ರಲ್ಲಿ ಆಯೋಗವು 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ವೀರಪ್ಪನ್ ಅದಕ್ಕೂ ಮೊದಲೇ, 2004ರ ಅಕ್ಟೋಬರ್ 18ರಂದು, ಪೊಲೀಸರ ಗುಂಡಿಗೆ ಬಲಿಯಾಗಿದ್ದ.

ಪೋಟಾ: ಅಲ್ಪಾಯುಷಿ

ಅಮೆರಿಕದ ಮೇಲಿನ ಸೆಪ್ಟೆಂಬರ್ 11ರ ದಾಳಿಯ ಮರುತಿಂಗಳೇ, 2001ರ ಅಕ್ಟೋಬರ್‌ನಲ್ಲಿ, ವಾಜಪೇಯಿ ಸರ್ಕಾರ ಭಯೋತ್ಪಾದನೆ ತಡೆ ಸುಗ್ರೀವಾಜ್ಞೆ ಹೊರಡಿಸಿತು. ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆಯೇ ದಾಳಿ ನಡೆಯಿತು. ರಾಜ್ಯಸಭೆ ಮಸೂದೆಯನ್ನು ತಿರಸ್ಕರಿಸಿದ್ದರಿಂದ 2002ರ ಮಾರ್ಚ್ 26ರಂದು ಉಭಯ ಸದನಗಳ ಜಂಟಿ ಅಧಿವೇಶನ ಕರೆದು 425-296 ಮತಗಳಿಂದ ಅಂಗೀಕರಿಸಲಾಯಿತು. ಮೀಸಾ ಅಡಿ ಸೆರೆವಾಸ ಕಂಡ ಇಬ್ಬರು ಪ್ರಧಾನಿ ಹಾಗೂ ಗೃಹ ಸಚಿವರಾಗಿ ಈ ಕಾಯ್ದೆಯನ್ನು ಸಮರ್ಥಿಸಿಕೊಂಡದ್ದು ಆ ದಿನದ ಚರ್ಚೆಯ ವಿಪರ್ಯಾಸವಾಗಿತ್ತು.

ಪೋಟಾದಲ್ಲಿ ಕೆಲವು ಸುಧಾರಣೆಗಳಿದ್ದವು. ತಪ್ಪೊಪ್ಪಿಗೆ ನೀಡಿದವನನ್ನು 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕಿತ್ತು, ಪುನರ್ವಿಮರ್ಶಾ ಸಮಿತಿಗಳಿದ್ದವು, ಕಾಯ್ದೆಯ ಅವಧಿ ಮೂರು ವರ್ಷಕ್ಕೆ ಸೀಮಿತವಾಗಿತ್ತು. ಆದರೂ ಅದೇ ಕೇಂದ್ರ ಸರ್ಕಾರದ ಮಿತ್ರಪಕ್ಷವಾಗಿದ್ದ ಎಂಡಿಎಂಕೆಯ ನಾಯಕ ವೈಕೋ ಅವರನ್ನು ತಮಿಳುನಾಡು ಸರ್ಕಾರ ಭಾಷಣವೊಂದಕ್ಕಾಗಿ 2002ರ ಜುಲೈನಲ್ಲಿ ಪೋಟಾ ಅಡಿ ಬಂಧಿಸಿತು. ಕಾನೂನು ತಂದವರ ಕೈಯಲ್ಲಿಯೇ ಅದು ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿರಲಿಲ್ಲ. 2004ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಪೋಟಾವನ್ನು ರದ್ದುಪಡಿಸಿತು. ಪೋಟಾ ಅಡಿ ಶಿಕ್ಷೆಯಾಗಿದ್ದ ಅಕ್ಷರಧಾಮ ದಾಳಿ ಪ್ರಕರಣದ ಆರು ಮಂದಿಯನ್ನು ಸುಪ್ರೀಂ ಕೋರ್ಟ್ 2014ರ ಮೇ 16ರಂದು, ತನಿಖೆಯನ್ನು ತೀವ್ರವಾಗಿ ಟೀಕಿಸಿ, ಖುಲಾಸೆಗೊಳಿಸಿತು. ಅಂದು ಲೋಕಸಭಾ ಚುನಾವಣೆಯ ಫಲಿತಾಂಶದ ದಿನ. ಸುದ್ದಿ ಒಳಪುಟಗಳಿಗೆ ಸರಿಯಿತು.

ಯುಎಪಿಎ: ಅವಧಿಯಿಲ್ಲದ ಕಾನೂನು

ಪೋಟಾ ರದ್ದಾಯಿತಾದರೂ ಅದರ ಹಲವು ಅಂಶಗಳು 1967ರಿಂದಲೇ ಇದ್ದ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆಗೆ ಸೇರಿಕೊಂಡವು. ಮೂಲತಃ ಇದು ಪ್ರತ್ಯೇಕತಾವಾದಿ ಸಂಘಟನೆಗಳನ್ನು ನಿಷೇಧಿಸಲು ರೂಪಿಸಿದ ಕಾಯ್ದೆ. 2004ರ ತಿದ್ದುಪಡಿ ಅದಕ್ಕೆ ಭಯೋತ್ಪಾದನೆಯ ಅಧ್ಯಾಯವನ್ನು ಜೋಡಿಸಿತು. 2008ರ ನವೆಂಬರ್ 26ರ ಮುಂಬಯಿ ದಾಳಿಯ ನಂತರ, ಕೆಲವೇ ವಾರಗಳಲ್ಲಿ, ರಾಷ್ಟ್ರೀಯ ತನಿಖಾ ದಳ ಸ್ಥಾಪನೆಯಾಯಿತು. ಜೊತೆಗೆ ಯುಎಪಿಎಗೆ 43ಡಿ ಕಲಂ ಸೇರಿತು. 2019ರ ತಿದ್ದುಪಡಿ ಸಂಘಟನೆಗಳಷ್ಟೇ ಅಲ್ಲದೆ ವ್ಯಕ್ತಿಗಳನ್ನೂ ಭಯೋತ್ಪಾದಕರೆಂದು ಘೋಷಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿತು. ಅದೇ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಮೊದಲ ಪಟ್ಟಿಯಲ್ಲಿ ಮಸೂದ್ ಅಜರ್, ಹಫೀಜ್ ಸಯೀದ್, ಲಖ್ವಿ ಹಾಗೂ ದಾವೂದ್ ಇಬ್ರಾಹಿಂ ಹೆಸರುಗಳಿದ್ದವು.

ಯುಎಪಿಎಯಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಟಾಡಾ, ಪೋಟಾಗಳಿಗೆ ಹೋಲಿಸಿದರೆ ಇದು ಗಣನೀಯ ರಕ್ಷಣೆ. ಆದರೆ ಆ ಎರಡು ಕಾಯ್ದೆಗಳಿಗೆ ಕೊನೆಯ ದಿನಾಂಕವಿತ್ತು. ಮುಂದುವರಿಸಬೇಕೇ ಎಂದು ಸಂಸತ್ತು ಮತ್ತೆ ಮತ್ತೆ ಯೋಚಿಸಬೇಕಾಗಿತ್ತು. ಯುಎಪಿಎ ಶಾಶ್ವತ ಕಾಯ್ದೆ. ಹಾಗಾಗಿ ಚರ್ಚೆಯ ಕೇಂದ್ರ ಸಂಸತ್ತಿನಿಂದ ಜಾಮೀನು ನ್ಯಾಯಾಲಯಕ್ಕೆ ಸ್ಥಳಾಂತರಗೊಂಡಿದೆ. 43ಡಿ(5)ರ ಪ್ರಕಾರ, ಕೇಸ್ ಡೈರಿ ಅಥವಾ ಆರೋಪಪಟ್ಟಿಯನ್ನು ನೋಡಿದಾಗ ಆರೋಪ ಮೇಲ್ನೋಟಕ್ಕೆ ನಿಜವೆಂದು ನಂಬಲು ಸಕಾರಣವಿದ್ದರೆ ಜಾಮೀನು ಕೊಡುವಂತಿಲ್ಲ. ನೋಡುವುದು ಪ್ರಾಸಿಕ್ಯೂಷನ್ ಸಿದ್ಧಪಡಿಸಿದ ಕಾಗದವನ್ನೇ. ಈ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ಕೆದಕಬಾರದೆಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ವಟಾಲಿ ಪ್ರಕರಣದಲ್ಲಿ ಹೇಳಿದ ಮೇಲೆ ಬಾಗಿಲು ಇನ್ನಷ್ಟು ಕಿರಿದಾಯಿತು. 2021ರ ಫೆಬ್ರವರಿ 1ರಂದು ನಜೀಬ್ ಪ್ರಕರಣದಲ್ಲಿ, ವಿಚಾರಣೆ ಸದ್ಯಕ್ಕೆ ಮುಗಿಯುವ ಸಾಧ್ಯತೆಯಿಲ್ಲದಿದ್ದರೆ ಸಂವಿಧಾನದ 21ನೇ ವಿಧಿಯ ಆಧಾರದಲ್ಲಿ ನ್ಯಾಯಾಲಯಗಳು ಜಾಮೀನು ನೀಡಬಹುದೆಂದು ಅದೇ ನ್ಯಾಯಾಲಯ ಹೇಳಿತು. 2024ರ ಫೆಬ್ರವರಿಯಲ್ಲಿ ಒಂದು ಪೀಠ ಈ ಕಾಯ್ದೆಯಡಿ ಜಾಮೀನು ನಿರಾಕರಣೆಯೇ ನಿಯಮ ಎಂಬ ಅಭಿಪ್ರಾಯ ತಳೆದರೆ, ಆಗಸ್ಟ್‌ನಲ್ಲಿ ಇನ್ನೊಂದು ಪೀಠ ವಿಶೇಷ ಕಾಯ್ದೆಗಳಲ್ಲಿಯೂ ಜಾಮೀನೇ ನಿಯಮ ಎಂದಿತು. ಆರೋಪಿಯ ಅದೃಷ್ಟ ಯಾವ ಪೀಠದ ಮುಂದೆ ಎಂಬುದರ ಮೇಲೆ ನಿಂತಿದೆ ಎಂದು ವಕೀಲರು ಹೇಳುವುದರಲ್ಲಿ ಉತ್ಪ್ರೇಕ್ಷೆ ಹೆಚ್ಚಿಲ್ಲ.

1970-80ರ ದಶಕಗಳಲ್ಲಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ ಅವರನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರ್ 8ರಂದು ಬಂಧಿಸಲಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಸ್ಟ್ರಾ ಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಜಾಮೀನು ಅರ್ಜಿ ಬಾಕಿಯಿರುವಾಗಲೇ, 2021ರ ಜುಲೈ 5ರಂದು, 84ರ ವಯಸ್ಸಿನಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಕೇಂದ್ರ ಗೃಹ ಸಚಿವಾಲಯ ರಾಜ್ಯಸಭೆಗೆ ನೀಡಿದ ಮಾಹಿತಿಯಂತೆ 2016ರಿಂದ 2019ರವರೆಗೆ ಯುಎಪಿಎ ಅಡಿ 5,922 ಮಂದಿ ಬಂಧಿತರಾಗಿದ್ದು, ಶಿಕ್ಷೆಯಾದವರು 132. ಹಲವು ಪ್ರಕರಣಗಳ ವಿಚಾರಣೆ ವರ್ಷಗಟ್ಟಲೆ ನಡೆಯುವುದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಭಾಗಿಸಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಸಮಸ್ಯೆಯ ಮೂಲವೂ ಆ ವಿಳಂಬವೇ.

ಕರ್ನಾಟಕದ ಅನುಭವ

ಬೆದರಿಕೆ ಕಾಲ್ಪನಿಕವೇನಲ್ಲ. 2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರಾಧ್ಯಾಪಕ ಎಂ.ಸಿ. ಪುರಿ ಗುಂಡಿಗೆ ಬಲಿಯಾದರು. 2008ರ ಜುಲೈ 25ರ ಸರಣಿ ಸ್ಫೋಟ, 2010ರ ಚಿನ್ನಸ್ವಾಮಿ ಕ್ರೀಡಾಂಗಣದ ಸ್ಫೋಟ, 2014ರ ಚರ್ಚ್ ಸ್ಟ್ರೀಟ್ ಸ್ಫೋಟ, 2022ರ ಮಂಗಳೂರಿನ ಆಟೋ ಸ್ಫೋಟ, 2024ರ ಮಾರ್ಚ್ 1ರ ರಾಮೇಶ್ವರಂ ಕೆಫೆ ಸ್ಫೋಟ ರಾಜ್ಯದ ಜನರ ನೆನಪಿನಲ್ಲಿವೆ.

2012ರ ಆಗಸ್ಟ್‌ನಲ್ಲಿ ಗಣ್ಯರ ಹತ್ಯೆಗೆ ಸಂಚು ಆರೋಪದ ಮೇಲೆ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದರು. ಅವರಲ್ಲಿ ನಗರದ ಇಂಗ್ಲಿಷ್ ದೈನಿಕವೊಂದರ ಯುವ ವರದಿಗಾರನೂ ಒಬ್ಬ. ಆತನೇ ಸಂಚಿನ ಸೂತ್ರಧಾರ ಎಂಬಂತೆ ಕೆಲವು ವಾಹಿನಿಗಳು, ಪತ್ರಿಕೆಗಳು ವಾರಗಟ್ಟಲೆ ಬಿಂಬಿಸಿದವು. ಆರು ತಿಂಗಳು ಕಳೆಯುತ್ತಿದ್ದಂತೆ ರಾಷ್ಟ್ರೀಯ ತನಿಖಾ ದಳ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಆತನ ಹೆಸರೇ ಇರಲಿಲ್ಲ. 2013ರ ಫೆಬ್ರವರಿಯಲ್ಲಿ ಬಿಡುಗಡೆಯಾದ. ಅದೇ ಪ್ರಕರಣದಲ್ಲಿ 13 ಮಂದಿ 2016ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದರು. ಸಂಚು ಸುಳ್ಳಾಗಿರಲಿಲ್ಲ, ಬಂಧಿತರೆಲ್ಲರೂ ಸಂಚುಕೋರರಾಗಿರಲಿಲ್ಲ. ಇವೆರಡನ್ನು ಬೇರ್ಪಡಿಸಲು 180 ದಿನ ಬೇಕಾಯಿತು.

ರಾಜ್ಯಕ್ಕೆ ತನ್ನದೇ ಆದ 'ಕೋಕಾ' ಕಾಯ್ದೆಯೂ ಇದೆ. ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆಂದು 2000ದಲ್ಲಿ ರೂಪುಗೊಂಡ ಇದರಲ್ಲಿ, ಎಸ್‌ಪಿ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಪತ್ರಕರ್ತೆ ಗೌರಿ ಲಂಕೇಶ್ ಅವರ 2017ರ ಹತ್ಯೆ ಪ್ರಕರಣದಲ್ಲಿ ಈ ಕಾಯ್ದೆಯನ್ನು ಅನ್ವಯಿಸಲಾಗಿದ್ದು, ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು ಹೈಕೋರ್ಟ್ ಕೈಬಿಟ್ಟಾಗ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಳಿ ಸೇರಿಸಿತು. ವಿಚಾರಣೆಯ ವಿಳಂಬವನ್ನು ಪರಿಗಣಿಸಿ ಅದೇ ಆರೋಪಿಗೆ 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಜಾಮೀನು ನೀಡಿದಾಗ, ಸಾಮಾನ್ಯವಾಗಿ ಕಠಿಣ ಕಾನೂನುಗಳನ್ನು ವಿರೋಧಿಸುವ ವಲಯಗಳಲ್ಲಿಯೇ ಅಸಮಾಧಾನ ವ್ಯಕ್ತವಾಯಿತು.

ಬೆಂಗಳೂರಿನಲ್ಲಿ ಓದಿದ ವೈದ್ಯ ಮೊಹಮದ್ ಹನೀಫ್ ಅವರ ಪ್ರಕರಣ ನಡೆದದ್ದು ಆಸ್ಟ್ರೇಲಿಯಾದಲ್ಲಿ. ಸೋದರಸಂಬಂಧಿ ಕಫೀಲ್ ಅಹ್ಮದ್ 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಜೀಪ್ ನುಗ್ಗಿಸಿದ ಎರಡು ದಿನಗಳ ಬಳಿಕ, ಹನೀಫ್ ಅವರನ್ನು ಬ್ರಿಸ್ಬೇನ್‌ನಲ್ಲಿ ಬಂಧಿಸಲಾಯಿತು. ಬ್ರಿಟನ್ ಬಿಡುವಾಗ ಅವರು ಸಂಬಂಧಿಗೆ ಕೊಟ್ಟಿದ್ದ ಸಿಮ್ ಕಾರ್ಡ್ ಸ್ಫೋಟದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ವಾಸ್ತವವಾಗಿ ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. 12 ದಿನ ಆರೋಪವಿಲ್ಲದೆ ಇರಿಸಿಕೊಂಡಿದ್ದೇ ಅಲ್ಲಿ ದೊಡ್ಡ ವಿವಾದವಾಯಿತು. ಮ್ಯಾಜಿಸ್ಟ್ರೇಟ್ ಜಾಮೀನು ನೀಡಿದ ದಿನವೇ ವಲಸೆ ಸಚಿವರು ವೀಸಾ ರದ್ದುಪಡಿಸಿದರು. ಜುಲೈ 27ರಂದು ಆರೋಪ ಬಿದ್ದುಹೋಯಿತು. ವೀಸಾ ಆದೇಶವನ್ನೂ ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. ಸರ್ಕಾರ ನ್ಯಾಯಾಂಗ ವಿಚಾರಣೆ ನಡೆಸಿ ವರದಿ ಪ್ರಕಟಿಸಿತು, 2010ರಲ್ಲಿ ಪರಿಹಾರ ನೀಡಿತು, ಆರೋಪಪೂರ್ವ ಬಂಧನದ ಅವಧಿಗೆ ಕಾನೂನಿನಲ್ಲಿ ಮಿತಿ ಹಾಕಿತು. ಭಾರತದಲ್ಲಿ ತಪ್ಪಾಗಿ ಬಂಧಿತರಾದವರಿಗೆ ಪರಿಹಾರ ನೀಡುವ ಪ್ರತ್ಯೇಕ ಶಾಸನವಿಲ್ಲ.

2025ರ ಎರಡು ತೀರ್ಪುಗಳು

2025ರ ಜುಲೈನಲ್ಲಿ ಹತ್ತು ದಿನಗಳ ಅಂತರದಲ್ಲಿ ಎರಡು ತೀರ್ಪುಗಳು ಬಂದವು. 180ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ 2006ರ ಮುಂಬಯಿ ರೈಲು ಸ್ಫೋಟ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ 12 ಮಂದಿಯನ್ನು ಬಾಂಬೆ ಹೈಕೋರ್ಟ್ ಜುಲೈ 21ರಂದು ಖುಲಾಸೆ ಮಾಡಿತು. ಮೋಕಾ ಕಾಯ್ದೆಯಡಿ ಪೊಲೀಸರು ಪಡೆದ ತಪ್ಪೊಪ್ಪಿಗೆಗಳನ್ನು ನ್ಯಾಯಾಲಯ ನಂಬಲಿಲ್ಲ. ಈ ತೀರ್ಪನ್ನು ಇತರ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ ಮೂರು ದಿನಗಳ ನಂತರ ತಡೆ ನೀಡಿತಾದರೂ, ಬಿಡುಗಡೆಯಾದವರನ್ನು ಮತ್ತೆ ಸೆರೆಗೆ ಕಳುಹಿಸಲಿಲ್ಲ. ಜುಲೈ 31ರಂದು, ಆರು ಮಂದಿ ಸತ್ತ 2008ರ ಮಾಲೆಗಾಂವ್ ಸ್ಫೋಟ ಪ್ರಕರಣದ ಏಳು ಆರೋಪಿಗಳನ್ನು ವಿಶೇಷ ನ್ಯಾಯಾಲಯ ಖುಲಾಸೆಗೊಳಿಸಿತು. ಒಂದು ಪ್ರಕರಣದ ಆರೋಪಿಗಳು ಮುಸ್ಲಿಮರು, ಇನ್ನೊಂದರಲ್ಲಿ ಹಿಂದೂಗಳು. ಒಂದೊಂದು ತೀರ್ಪಿಗೆ ಒಂದೊಂದು ಗುಂಪು ಸಂಭ್ರಮಿಸಿತು. ಸತ್ತವರ ಮನೆಯವರಿಗೆ 19 ಮತ್ತು 17 ವರ್ಷಗಳ ಬಳಿಕವೂ ಬಾಂಬ್ ಇಟ್ಟವರು ಯಾರೆಂಬ ಉತ್ತರ ಸಿಗಲಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, ಸಾಮಾನ್ಯ ದಂಡ ಸಂಹಿತೆಯೊಳಕ್ಕೇ ಭಯೋತ್ಪಾದನಾ ಕೃತ್ಯವನ್ನು ತಂದಿದೆ. ಅದರ 113ನೇ ಕಲಂನ ವ್ಯಾಖ್ಯೆ ಹೆಚ್ಚುಕಡಿಮೆ ಯುಎಪಿಎಯದ್ದೇ. ಆದರೆ ಯುಎಪಿಎ ಪ್ರಕರಣದ ವಿಚಾರಣೆಗೆ ಸರ್ಕಾರದ ಪೂರ್ವಾನುಮತಿ ಬೇಕು; 113ನೇ ಕಲಂನಲ್ಲಿ ಅಂಥ ಷರತ್ತಿಲ್ಲ. ಒಂದೇ ಕೃತ್ಯವನ್ನು ಎರಡರಲ್ಲಿ ಯಾವುದರಡಿ ದಾಖಲಿಸಬೇಕೆಂಬುದನ್ನು ನಿರ್ಧರಿಸುವ ಅಧಿಕಾರವನ್ನು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ವಹಿಸಲಾಗಿದೆ. ಟಾಡಾದಲ್ಲಿ ತಪ್ಪೊಪ್ಪಿಗೆ ಬರೆದುಕೊಳ್ಳುತ್ತಿದ್ದುದೂ ಅದೇ ದರ್ಜೆಯ ಅಧಿಕಾರಿ.